ಒಂದೇ ಪಾತ್ರೆಯ ಊಟ

ಪುಣೆಯ ನಮ್ಮ ಮನೆಗಳಲ್ಲಿ ‘ಕ್ಯಾಸೆರೋಲ್’ ಎಂದರೆ ಚಪಾತಿಗಳನ್ನು ಬಿಸಿಯಾಗಿಡುವ ಡಬ್ಬಿ. ಫ್ರೆಂಚ್ ಭಾಷೆಯಲ್ಲಾದರೋ ಅದು ಹಿಡಿಯುಳ್ಳ ಅಡಿಗೆಯ ಪಾತ್ರೆಯ ಹೆಸರು. ಇಂಗ್ಲಿಷರು ಆ ಹೆಸರನ್ನು ಒಂದು ಬಗೆಯ ಅಡಿಗೆಗೂ ಕೊಟ್ಟರು. ಮಾಂಸ, ಕಾಯಿಪಲ್ಯ, ಧಾನ್ಯಗಳನ್ನು ಒಂದೇ ಪಾತ್ರೆಯಲ್ಲಿ ಕೂಡಿಸಿ, ನಿಧಾನವಾಗಿ ಬೇಯಿಸಿ, ಆ ಪಾತ್ರೆಯನ್ನೇ ಮೇಜಿನ ಮೇಲೆ ತಂದಿರಿಸುವುದು ಅದರ ಕ್ರಮ. ಅಮೆರಿಕೆಯಲ್ಲಿ 1915ರಲ್ಲಿ ಶಾಖವನ್ನು ತಾಳಬಲ್ಲ ಪೈರೆಕ್ಸ್ ಗಾಜಿನ ಪಾತ್ರೆಗಳು ಮಾರಾಟಕ್ಕೆ ಬಂದಮೇಲೆ ಈ ಕ್ರಮವು ಗೃಹಿಣಿಯರಿಗೆ ಇನ್ನಷ್ಟು ಸುಲಭವಾಯಿತು.

ಕನ್ನಡಿಗರ ಮನೆಯಲ್ಲಿ ಈ ಸ್ಥಾನವು ಬಿಸಿಬೇಳೆ ಹುಳಿಯನ್ನಕ್ಕೆ ಸಲ್ಲುತ್ತದೆ. ಬಿಸಿ, ಬೇಳೆ, ಹುಳಿ, ಅನ್ನ ಎಂಬ ನಾಲ್ಕು ಮಾತುಗಳಲ್ಲಿ ‘ಬಿಸಿ’ಯೇ ಮೊದಲು ನಿಂತಿರುವುದನ್ನು ಗಮನಿಸಿರಿ. ಅದಕ್ಕೆ ಕಾರಣವುಂಟು. ತೆಳುವಾದ ಸಾರಿನಲ್ಲಿ ಬಿಸಿಯಾದ ಭಾಗವು ಮೇಲೇರುತ್ತ, ತಣ್ಣಗಾದುದು ಕೆಳಗಿಳಿಯುತ್ತ, ಶಾಖವು ಬೇಗನೆ ಹೊರಬೀಳುವುದು. ಮಂದವಾದ ಹುಳಿಯನ್ನದಲ್ಲಿ ಈ ಸಂಚಾರವಿಲ್ಲ. ಆದುದರಿಂದ ಅದರ ಒಡಲಿನ ಬಿಸಿ ಬಹಳ ಹೊತ್ತು ಉಳಿಯುವುದು. ಆದರೆ ಒಮ್ಮೆ ಆರಿತೆಂದರೆ ಅಕ್ಕಿಯ ಪಿಷ್ಟವು ಬಿಗಿದುಕೊಂಡು ಎಲ್ಲವೂ ಮುದ್ದೆಗಟ್ಟುವುದು. ಊಟಕ್ಕೆ ತಡವಾಗಿ ಬಂದವನ ಪಾಲಿಗೆ ಆ ಮುದ್ದೆಯೇ!

ಇನ್ನೊಂದು ಮಾತು. ಹುಣಿಸೆಯ ರಸವನ್ನು ತೊಗರಿಬೇಳೆ ಬೆಂದಮೇಲೆಯೇ ಹಾಕಬೇಕು. ಬೇಳೆಯ ಕಣಗಳನ್ನು ಹಿಡಿದಿರುವ ಪೆಕ್ಟಿನ್ ಎಂಬ ಅಂಟು ಹುಳಿಯಲ್ಲಿ ಸುಲಭವಾಗಿ ಕರಗದು. ಶಾಸ್ತ್ರವನ್ನು ಓದದ ಅಜ್ಜಿಯರೂ ಇದನ್ನು ಬಲ್ಲರು. ಅಕ್ಕಿಯ ಸಸಾರಜನಕದಲ್ಲಿ ಲೈಸಿನ್ ಕಡಿಮೆ. ಬೇಳೆಯಲ್ಲಿ ಅದು ಹೇರಳವಾಗಿರುವುದರಿಂದ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಮಸಾಲೆಗೆ ಬಣ್ಣ ಕೊಡುವುದು ಬ್ಯಾಡಗಿ ಮೆಣಸಿನಕಾಯಿ. ನಮ್ಮ ಕಲ್ಲುಹೂವನ್ನು ಇಲ್ಲಿಯವರು ‘ದಗಡಫೂಲ್’ ಎನ್ನುತ್ತಾರೆ. ಎರಡು ಭಾಷೆಗಳಲ್ಲಿಯೂ ಅರ್ಥವೊಂದೇ. ವಾಸ್ತವವಾಗಿ ಅದು ಹೂವೇ ಅಲ್ಲ, ಶಿಲೀಂಧ್ರವೂ ಪಾಚಿಯೂ ಒಂದಾಗಿ ಬಾಳುವ ಕಲ್ಲುಹಾಸು. ‘ಮರಾಠಿ ಮೊಗ್ಗು’ ಬೇಕೆಂದು ಪೇಟೆಯ ಅಂಗಡಿಯಲ್ಲಿ ಒಮ್ಮೆ ಕೇಳಿದೆ. ಮರಾಠಿಯಾದ ಅಂಗಡಿಯವನು ಆ ಹೆಸರನ್ನು ಎಂದೂ ಕೇಳಿರಲಿಲ್ಲ! ಅಂದಿನಿಂದ ಅದನ್ನು ಊರಿನಿಂದಲೇ ತರಿಸುತ್ತೇವೆ.

ನನ್ನ ಬಾಲ್ಯದಲ್ಲಿ ತಂದೆಯವರು ಪಿಂಪರಿಯ ಕಾರಖಾನೆಯೊಂದರಲ್ಲಿ ಪಾಳಿಯ ಕೆಲಸದಲ್ಲಿದ್ದರು. ವಾರದ ಆರು ದಿನ ನಾವು ನಾಲ್ವರು ನಾಲ್ಕು ಹೊತ್ತಿನಲ್ಲಿ ಉಣ್ಣುತ್ತಿದ್ದೆವು. ಅವರ ರಜೆಯ ದಿನ ಮಾತ್ರ ತಾಯಿ ಹುಳಿಯನ್ನ ಮಾಡುವರು. ಎಲ್ಲರೂ ಕೂಡುವವರೆಗೆ ಯಾರೂ ಮುಚ್ಚಳ ಮುಟ್ಟುವಂತಿರಲಿಲ್ಲ. ಒಮ್ಮೆ ರಜೆಯ ದಿನವೂ ತಂದೆಯವರಿಗೆ ಕರೆ ಬಂದಿತು. ಮಧ್ಯಾಹ್ನವಾಯಿತು, ಮೂರು ಗಂಟೆಯೂ ಹೊಡೆಯಿತು. ತಮ್ಮನು ಹಸಿವಿನಿಂದ ಅಳತೊಡಗಿದನು. ತಾಯಿ ಅವನಿಗೊಂದು ಬಾಳೆಹಣ್ಣು ಕೊಟ್ಟರೇ ಹೊರತು ಪಾತ್ರೆಯನ್ನು ತೆರೆಯಲಿಲ್ಲ. ಅದಕ್ಕೆ ಹಳೆಯ ಕಂಬಳಿ ಸುತ್ತಿ ಮೂಲೆಗಿಟ್ಟರು. ತಂದೆಯವರು ಬಂದಾಗ ನಾಲ್ಕು ದಾಟಿತ್ತು. ಕಂಬಳಿ ಬಿಚ್ಚಿ ನೋಡಿದರೆ ಅಂಚೆಲ್ಲ ಗಟ್ಟಿಯಾಗಿತ್ತು. ಸೌಟು ಹಾಕಿದೊಡನೆ ನಡುವಿನಿಂದ ಆವಿ ಎದ್ದಿತು. ತಂದೆಯವರು ಕೈಕಾಲು ತೊಳೆದು ಬರುವಷ್ಟರಲ್ಲಿ ತಾಯಿ ಬಿಸಿನೀರು ಬೆರೆಸಿ, ತುಪ್ಪ ಹಾಕಿ, ನಾಲ್ಕು ತಟ್ಟೆಗಳಿಗೂ ಬಡಿಸಿದ್ದರು.