‘ನಾಲಾಯಕ್ಕು’: ಒಂದು ಪದದ ಅರ್ಥವಿಚಾರ

ಬೈಕುಲ್ಲಾದ ತರಕಾರಿ ಮಾರುಕಟ್ಟೆಯಲ್ಲಿ ಕೊಳೆತ ಟೊಮೆಟೊ ‘ಖರಾಬ್’ ಎನಿಸಿಕೊಳ್ಳುತ್ತದೆ. ಬುಟ್ಟಿಯನ್ನು ಕೈತಪ್ಪಿ ಬೀಳಿಸಿದ ಹುಡುಗ ‘ನಾಲಾಯಕ್’ ಎನಿಸಿಕೊಳ್ಳುತ್ತಾನೆ. ಮರಾಠಿ, ಉರ್ದು, ಹಿಂದಿ, ಕನ್ನಡ, ತುಳು ಭಾಷೆಗಳು ಒಂದೇ ಬೀದಿಯಲ್ಲಿ ಕಲೆಯುವ ಈ ಪರಿಸರದಲ್ಲಿ ಆ ಬೈಗುಳ ಎಲ್ಲರಿಗೂ ತಿಳಿಯುತ್ತದೆ. ಕನ್ನಡದಲ್ಲಿಯೂ ‘ನಾಲಾಯಕ್ಕು’ ಎಂಬ ರೂಪದಲ್ಲಿ ರೂಢವಾಗಿರುವ ಈ ಪದದ ಅರ್ಥ ಹಾಗೂ ಬಳಕೆಗಳನ್ನು ಪರಿಶೀಲಿಸುವುದು ಪ್ರಸ್ತುತ ಬರಹದ ಉದ್ದೇಶ.

‘ಲಾಯಕ್’ ಅರಬ್ಬೀ ಮೂಲದ ಪದ. ತಕ್ಕ, ಅರ್ಹ ಎಂದು ಅದರ ಅರ್ಥ. ‘ನಾ’ ಎಂಬುದು ಪಾರಸಿಯ ನಿಷೇಧಾರ್ಥಕ ಪೂರ್ವಪ್ರತ್ಯಯ. ನಾಮಂಜೂರು, ನಾಪತ್ತೆ, ನಾದುರಸ್ತಿ ಮೊದಲಾದ ಪದಗಳಲ್ಲಿ ಇದನ್ನು ಕಾಣುತ್ತೇವೆ. ಇಂಗ್ಲಿಷಿನ ‘ಪಾಸು’ ಪದಕ್ಕೂ ಇದು ಅಂಟಿಕೊಂಡು ‘ನಪಾಸು’ ಆಗಿರುವುದು ಅದರ ಶಕ್ತಿಗೆ ನಿದರ್ಶನ.

‘ಈ ಕೆಲಸಕ್ಕೆ ಅವನು ಲಾಯಕ್ಕು’ ಎಂಬ ವಾಕ್ಯದಲ್ಲಿ ಚತುರ್ಥೀ ವಿಭಕ್ತಿಯ ‘ಕೆಲಸಕ್ಕೆ’ ಎಂಬುದು ಮುಖ್ಯ. ಯೋಗ್ಯತೆಯೆಂಬುದು ಸದಾ ಯಾವುದಾದರೊಂದಕ್ಕೆ ಸಂಬಂಧಿಸಿದ್ದು. ‘ಈ ಕೆಲಸಕ್ಕೆ ಅವನು ನಾಲಾಯಕ್ಕು’ ಎಂದಾಗಲೂ ಬೇರೊಂದು ಕೆಲಸಕ್ಕೆ ಅವನು ತಕ್ಕವನಿರಬಹುದೆಂಬ ಅವಕಾಶ ಉಳಿದಿರುತ್ತದೆ. ಆದರೆ ‘ಅವನೊಬ್ಬ ನಾಲಾಯಕ್ಕು’ ಎಂದೊಡನೆ ಚತುರ್ಥಿ ಲೋಪವಾಗುತ್ತದೆ. ವಿಶೇಷಣವು ನಾಮಪದವಾಗಿ, ಒಂದು ಕೆಲಸದ ಬಗೆಗಿನ ತೀರ್ಪು ಇಡೀ ವ್ಯಕ್ತಿಯ ಮೇಲಿನ ತೀರ್ಪಾಗುತ್ತದೆ. ಸಂಸ್ಕೃತದ ‘ಅಯೋಗ್ಯ’ಕ್ಕೂ ಕನ್ನಡದಲ್ಲಿ ಇದೇ ಗತಿ ಒದಗಿದೆ. ‘ಕೂಡು’ ಎಂಬರ್ಥದ ‘ಯುಜ್’ ಧಾತುವಿನಿಂದ ಬಂದ ಪದವು ಬೈಗುಳಾಗಿ ನಿಂತಿದೆ.

ಇದಕ್ಕೆ ಪ್ರತಿಯಾಗಿ ಅಚ್ಚಗನ್ನಡದ ನುಡಿಗಟ್ಟುಗಳನ್ನು ಗಮನಿಸಬಹುದು. ‘ಈ ಮಾತು ನಿನಗೆ ತಕ್ಕುದಲ್ಲ’ ಎಂಬಲ್ಲಿ ನಿಷೇಧವು ಮಾತಿಗೆ ಸೀಮಿತ. ಕೇಳುವವನ ಘನತೆಗೆ ಕುಂದಿಲ್ಲ. ‘ಈ ಊರಿನ ನೀರು ನನಗೆ ಒಗ್ಗದು’ ಎಂಬಲ್ಲಿ ನೀರಿನ ದೋಷವೂ ಇಲ್ಲ, ದೇಹದ ದೋಷವೂ ಇಲ್ಲ. ಎರಡರ ಹೊಂದಾಣಿಕೆಯಷ್ಟೇ ಇಲ್ಲ.

ಕರಾವಳಿಯಲ್ಲಿ ಇದೇ ಪದ ಬೇರೊಂದು ದಾರಿ ಹಿಡಿದಿದೆ. ‘ಊಟ ಲಾಯ್ಕ ಆಯಿತು’, ‘ಹಾಡು ಲಾಯ್ಕ ಉಂಟು’ ಎನ್ನುವಾಗ ಅಲ್ಲಿಯೂ ಚತುರ್ಥಿ ಬಿದ್ದುಹೋಗಿದೆ. ಆದರೆ ‘ತಕ್ಕುದು’ ಎಂಬ ಅರ್ಥ ‘ಚೆಲುವಾದುದು, ಸೊಗಸಾದುದು’ ಎಂದು ಹಿಗ್ಗಿದೆ. ಹೋಟೆಲು ಮೊದಲಾದ ಉದ್ಯೋಗಗಳನ್ನರಸಿ ಮುಂಬಯಿಗೆ ಬಂದ ಕರಾವಳಿಗರು ಈ ರೂಪವನ್ನೂ ತಮ್ಮೊಡನೆ ತಂದರು. ಹೀಗಾಗಿ ಅವರ ಮಕ್ಕಳು ಮನೆಯಲ್ಲಿ ‘ಲಾಯ್ಕ’ವನ್ನೂ ಬೀದಿಯಲ್ಲಿ ‘ನಾಲಾಯಕ್’ಅನ್ನೂ ಕೇಳಿ ಬೆಳೆಯುತ್ತಾರೆ, ಅವೆರಡೂ ಒಂದೇ ಬೇರಿನವು ಎಂಬುದು ಅವರ ಅರಿವಿಗೆ ಬರುವುದಿಲ್ಲ.

ಹಿಂದೊಮ್ಮೆ ವಿದ್ಯಾರ್ಥಿನಿಯೊಬ್ಬಳ ಪ್ರಬಂಧದಲ್ಲಿದ್ದ ‘ಲಾಯ್ಕ’ವನ್ನು ಹೊಡೆದುಹಾಕಿ, ಅಂಚಿನಲ್ಲಿ ‘ಅಯೋಗ್ಯ ಪ್ರಯೋಗ’ ಎಂದು ಬರೆದಿದ್ದೆ. ಯಾವುದಕ್ಕೆ ಅಯೋಗ್ಯ ಎಂಬುದನ್ನು ಬರೆದಿರಲಿಲ್ಲ. ಚತುರ್ಥಿಯನ್ನು ಕೈಬಿಟ್ಟವರಲ್ಲಿ ನಾನೂ ಒಬ್ಬ. ಶಿಷ್ಟ ಬರಹಕ್ಕೆ ಒಗ್ಗದಿರಬಹುದಾದ ಆ ಪದ ಅವಳ ತಾಯಿಯ ಅಡುಗೆಯನ್ನು ಬಣ್ಣಿಸಲು ತಕ್ಕುದೇ ಆಗಿತ್ತು. ಪದವನ್ನಾಗಲಿ, ಮನುಷ್ಯನನ್ನಾಗಲಿ ತಿರಸ್ಕರಿಸುವ ಮುನ್ನ ‘ಯಾವುದಕ್ಕೆ?’ ಎಂದು ಕೇಳಿಕೊಳ್ಳುವುದು ವ್ಯಾಕರಣದ ಶಿಸ್ತು ಮಾತ್ರವಲ್ಲ, ವಿವೇಕದ ಶಿಸ್ತೂ ಹೌದು.