ಸುಣ್ಣದ ನೆಲದಲ್ಲಿ ಮುಸುಕಿನ ಜೋಳಕ್ಕೆ ರಂಜಕದ ಗೊಬ್ಬರ

ಮೈಸೂರು ನಗರದ ಹೆಬ್ಬಾಳದ ಕಡೆಯಲ್ಲಿ ಹೆಚ್ಚಾಗಿ ಕಾಣುವುದು ಕೆಂಪು ಭೂಮಿ. ಅಲ್ಲಿಂದ ದಕ್ಷಿಣಕ್ಕೆ ನಂಜನಗೂಡನ್ನು ದಾಟಿ ಚಾಮರಾಜನಗರದತ್ತ ಸಾಗಿದಂತೆ ಅಲ್ಲಲ್ಲಿ ಎರೆಭೂಮಿಯು ತೋರುವುದು. ಈ ಎರೆಯಲ್ಲಿ ಅನೇಕ ಕಡೆ ಸುಣ್ಣದ ಹರಳುಗಳು ಬೆರೆತಿರುವುವು. ಎರಡು ಬಗೆಯ ನೆಲದಲ್ಲಿಯೂ ಮುಸುಕಿನ ಜೋಳವನ್ನು ಬೆಳೆಯುವುದುಂಟು. ಎರಡಕ್ಕೂ ಒಂದೇ ಗೊಬ್ಬರವನ್ನು ಒಂದೇ ರೀತಿಯಲ್ಲಿ ಎರಚುವುದೂ ಉಂಟು. ಸುಣ್ಣದ ನೆಲದ ಮಟ್ಟಿಗೆ ಈ ಪದ್ಧತಿಯಿಂದ ಗೊಬ್ಬರದ ಹಣವು ಬಹುಪಾಲು ಮಣ್ಣುಪಾಲಾಗುವುದು.

ಇದಕ್ಕೆ ಕಾರಣವೇನೆಂದರೆ, ಸೂಪರ್ ಫಾಸ್ಫೇಟಿನಲ್ಲಿರುವ ರಂಜಕವು ನೀರಿನಲ್ಲಿ ಕರಗತಕ್ಕದ್ದು. ಅದು ಸುಣ್ಣದೊಡನೆ ಕೂಡಿದಾಗ ಕ್ರಮೇಣ ಕರಗದ ರೂಪವನ್ನು ಹೊಂದಿ, ಬೇರಿಗೆ ಸುಲಭವಾಗಿ ದೊರೆಯದಂತಾಗುವುದು. ಗೊಬ್ಬರವನ್ನು ಹೊಲದ ತುಂಬ ಎರಚಿದಷ್ಟೂ ಅದು ಹೆಚ್ಚು ಮಣ್ಣಿಗೆ ಸೋಕುವುದು. ಬಂಧನವೂ ಅಷ್ಟೇ ಶೀಘ್ರವಾಗುವುದು. ಇದಲ್ಲದೆ ರಂಜಕವು ಬಿದ್ದ ಸ್ಥಳದಿಂದ ಒಂದೆರಡು ಅಂಗುಲಕ್ಕಿಂತ ದೂರ ಹರಿಯಲಾರದು. ಎಳೆಯ ಪೈರಿಗಾದರೋ ಮೊದಲ ಕೆಲವು ವಾರಗಳಲ್ಲಿಯೇ ಇದರ ಅವಶ್ಯಕತೆಯು ಹೆಚ್ಚು. ಆಗ ಕೊರತೆಯಾದರೆ ಎಲೆಯ ಅಂಚು ನೇರಳೆ ಬಣ್ಣಕ್ಕೆ ತಿರುಗಿ ಬೆಳವಣಿಗೆಯು ಕುಂಠಿತವಾಗುವುದು. ಬೆಳೆದು ನಿಂತ ಪೈರಿಗೆ ಮೇಲುಗೊಬ್ಬರವಾಗಿ ಹಾಕಿದ ರಂಜಕವು ಈ ನಷ್ಟವನ್ನು ತುಂಬಲಾರದು.

ಆದಕಾರಣ ರೈತರು ಅನುಸರಿಸಬೇಕಾದ ಕ್ರಮಗಳಿವು:

1. ಮೊದಲು ಮಣ್ಣನ್ನು ಅರಿಯಬೇಕು. ಒಣಗಿದ ಹೆಂಟೆಯ ಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿದ್ದೊಡನೆ ನೊರೆಯೆದ್ದರೆ ಅದು ಸುಣ್ಣದ ನೆಲ. ಮಣ್ಣನ್ನು ಪರೀಕ್ಷಾಲಯಕ್ಕೆ ಕಳುಹಿಸಿ ದೊರೆಯುವ ರಂಜಕದ ಪ್ರಮಾಣವನ್ನೂ ತಿಳಿಯಬೇಕು. ಇಂಥ ನೆಲಕ್ಕೆ 1954 ರಲ್ಲಿ ಓಲ್ಸೆನ್ ಮತ್ತು ಸಂಗಡಿಗರು ಪ್ರಕಟಿಸಿದ, ಸೋಡಿಯಂ ಬೈಕಾರ್ಬೊನೇಟ್ ದ್ರಾವಣದ ಪರೀಕ್ಷೆಯೇ ಯುಕ್ತವಾದುದು.

2. ಮಳೆಯಾಶ್ರಿತ ಬೆಳೆಗೆ ಎಕರೆಗೆ 20 ಕಿಲೋಗ್ರಾಂ, ನೀರಾವರಿ ಬೆಳೆಗೆ 30 ಕಿಲೋಗ್ರಾಂ ರಂಜಕಾಂಶವು ಸಾಮಾನ್ಯ ಶಿಫಾರಸು. ಶೇಕಡ 16 ಅಂಶವುಳ್ಳ ಸೂಪರ್ ಫಾಸ್ಫೇಟಾದರೆ 20 ಕಿಲೋಗ್ರಾಮಿಗೆ ಎರಡೂವರೆ ಮೂಟೆ, ಅಂದರೆ 125 ಕಿಲೋಗ್ರಾಂ ಬೇಕು. ಪರೀಕ್ಷೆಯಲ್ಲಿ ರಂಜಕವು ಹೆಚ್ಚಾಗಿ ಕಂಡುಬಂದರೆ ಪ್ರಮಾಣವನ್ನು ತಗ್ಗಿಸಬಹುದು.

3. ಗೊಬ್ಬರವನ್ನು ಬಿತ್ತನೆಯ ಕಾಲದಲ್ಲಿಯೇ ಸಾಲಿನಲ್ಲಿ ಹಾಕಬೇಕು. ಬೀಜದಿಂದ ಎರಡು ಅಂಗುಲ ಪಕ್ಕಕ್ಕೂ ಎರಡು ಅಂಗುಲ ಕೆಳಕ್ಕೂ ಬೀಳುವಂತಿರಬೇಕು. ಡಿ.ಎ.ಪಿ.ಯು ಬೀಜಕ್ಕೆ ತಾಕಿದರೆ ಸುಣ್ಣದ ನೆಲದಲ್ಲಿ ಅಮೋನಿಯವು ಹೊರಟು ಮೊಳಕೆಗೆ ಹಾನಿಯಾಗುವುದು.

4. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಎಕರೆಗೆ 3 ರಿಂದ 4 ಟನ್ನು ಸೇರಿಸಬೇಕು. ಅದು ಮಣ್ಣಿನಲ್ಲಿ ಕರಗುವಾಗ ಹುಟ್ಟುವ ಆಮ್ಲಗಳು ರಂಜಕದ ಬಂಧನವನ್ನು ತಡೆಗಟ್ಟಲು ನೆರವಾಗುವುವು.

5. ಮೂಳೆಯ ಪುಡಿ, ಕಲ್ಲು ರಂಜಕಗಳು ಮಲೆನಾಡಿನ ಹುಳಿ ಮಣ್ಣಿಗೆ ತಕ್ಕವು. ಸುಣ್ಣದ ನೆಲದಲ್ಲಿ ಅವು ಕರಗುವುದು ಬಹಳ ನಿಧಾನ.

6. ರಂಜಕವು ಅತಿಯಾದರೆ ಸತುವಿನ ಕೊರತೆಯು ಉಲ್ಬಣಿಸಿ ಎಳೆಯ ಸುಳಿಯು ಬಿಳಿಚಿಕೊಳ್ಳುವುದು. ಎಕರೆಗೆ 4 ಕಿಲೋಗ್ರಾಂ ಸತುವಿನ ಸಲ್ಫೇಟನ್ನು ಹಾಕುವುದು ಹಿತಕರ. ಆದರೆ ಅದನ್ನು ರಂಜಕದ ಗೊಬ್ಬರದೊಡನೆ ಬೆರೆಸಬಾರದು.

ಬಂಧಿತವಾದ ರಂಜಕವು ಸಂಪೂರ್ಣವಾಗಿ ನಾಶವಾಗುವುದಿಲ್ಲ. ಅದರಲ್ಲಿ ಸ್ವಲ್ಪವು ಮುಂದಿನ ಬೆಳೆಗಳಿಗೆ ಮೆಲ್ಲನೆ ಒದಗುವುದು. ಆದರೆ ಸಾಲ ತಂದು ಗೊಬ್ಬರ ಕೊಂಡ ರೈತನಿಗೆ ಈ ಸುಗ್ಗಿಯಲ್ಲಿಯೇ ಫಲ ಕಾಣಬೇಕಷ್ಟೆ.

ಬಾಯಿಮಾತಿಗಿಂತ ಕಣ್ಣಾರೆ ಕಂಡದ್ದು ರೈತನ ಮನಸ್ಸಿಗೆ ನಾಟುವುದು. ಆದುದರಿಂದ ಗ್ರಾಮದ ಯಜಮಾನರೂ ಜಮೀನುದಾರರೂ ತಮ್ಮ ಹೊಲದಲ್ಲಿ ಹತ್ತು ಹತ್ತು ಗುಂಟೆಯ ಎರಡು ತಾಕುಗಳನ್ನು ಗುರುತಿಸಿ, ಒಂದರಲ್ಲಿ ಗೊಬ್ಬರವನ್ನು ಎರಚಿಯೂ ಇನ್ನೊಂದರಲ್ಲಿ ಅಷ್ಟೇ ಗೊಬ್ಬರವನ್ನು ಸಾಲಿನಲ್ಲಿಟ್ಟೂ ಬೆಳೆಯತಕ್ಕದ್ದು. ಸುಗ್ಗಿಯಲ್ಲಿ ಎರಡರ ಕಾಳನ್ನು ಊರವರ ಎದುರಿಗೆ ಬೇರೆ ಬೇರೆಯಾಗಿ ತೂಗಿ ತೋರಿಸಿದರೆ, ಮುಂದಿನ ಮುಂಗಾರಿಗೆ ಯಾವ ಪದ್ಧತಿಯನ್ನು ಹಿಡಿಯಬೇಕೆಂಬುದನ್ನು ತಕ್ಕಡಿಯೇ ತೀರ್ಮಾನಿಸುವುದು.