ಕಾವಿಗೆ ಕೂತ ಕೋಳಿಯ ಆರೈಕೆ

ನಾಟಿ ಕೋಳಿ ಕಾವಿಗೆ ಕೂತರೆ ಮರಿಯಾಗಲು 21 ದಿನ ಬೇಕು. ಅಲ್ಲಿಯವರೆಗೆ ಅದು ದಿನಕ್ಕೊಮ್ಮೆ, ಹದಿನೈದು ಇಪ್ಪತ್ತು ನಿಮಿಷ ಮಾತ್ರ ಏಳುತ್ತದೆ. ತಿನ್ನುವುದು, ಕುಡಿಯುವುದು, ಹಿಕ್ಕೆ ಹಾಕುವುದು, ಮಣ್ಣಿನಲ್ಲಿ ಹೊರಳುವುದು ಎಲ್ಲ ಅಷ್ಟರಲ್ಲೇ. ಕಳೆದ ವರ್ಷ ನಮ್ಮ ಕೋಳಿ ಸರಿಯಾಗಿ ಏಳುತ್ತಿರಲಿಲ್ಲ. ಹಸಿವಾದರೆ ತಾನೇ ಏಳುತ್ತದೆ ಎಂದು ನಾನು ಸುಮ್ಮನಿದ್ದೆ. ಹೇನು ಹತ್ತಿ, ಸೊರಗಿ, 17ನೇ ದಿನ ಗೂಡು ಬಿಟ್ಟಿತು. 11 ಮೊಟ್ಟೆ ತಣ್ಣಗಾದವು. (ಮಾರಿದ್ದರೂ ದುಡ್ಡಾಗುತ್ತಿತ್ತು.) ಒಂದನ್ನು ಒಡೆದು ನೋಡಿದೆ, ಮರಿಗೆ ಪುಕ್ಕ ಬಂದಿತ್ತು.

ಈ ಸಲ ಬುಟ್ಟಿಯಲ್ಲಿ ಒಣಹುಲ್ಲಿನ ಕೆಳಗೆ ಬೂದಿ ಹಾಕಿದ್ದೇವೆ. ಕೋಳಿ ಏಳದಿದ್ದರೆ ಅಮ್ಮಿ ಮೆಲ್ಲಗೆ ಎತ್ತಿ ಕಾಳು, ನೀರಿನ ಮುಂದೆ ಬಿಡುತ್ತಾರೆ. ರೆಕ್ಕೆಯಡಿ ಮೊಟ್ಟೆ ಸಿಕ್ಕಿಕೊಂಡಿರಬಹುದು, ನೋಡಿ ಎತ್ತಬೇಕು. 7ನೇ ರಾತ್ರಿ ಟಾರ್ಚ್ ಹಿಡಿದು, ರಕ್ತನಾಳ ಕಾಣದ 2 ಮೊಟ್ಟೆ ತೆಗೆದೆವು. ಕೊನೆಯ 3 ದಿನ ಮೊಟ್ಟೆ ಮುಟ್ಟುವ ಹಾಗಿಲ್ಲ. ಇವತ್ತು 18ನೇ ದಿನ.